ದೀಪಸ್ತಂಭದ ಹಿಂದೆ ಇಳಿಯಬೇಡಿ

ಇಪ್ಪತ್ತೊಂಬತ್ತು ವರ್ಷ ನಾನು ಆದಾಪಜಾರಿಯಿಂದ ಯಾಲಿಬೆಲ್‌ಗೆ ಮಿನಿಬಸ್ಸು ಓಡಿಸಿದೆ. ಎರಡೂವರೆ ಗಂಟೆಯ ದಾರಿ. ಕಪ್ಪು ಸಮುದ್ರದ ನಮ್ಮ ದಂಡೆಯಲ್ಲಿ ವರ್ಷದ ಬಹುಪಾಲು ಮೋಡ, ಮಂಜು, ಒದ್ದೆ ಗೋಡೆ. ಬೇಸಿಗೆ ಎಂದು ಹೇಳಿಕೊಳ್ಳುವ ಎರಡೂವರೆ ತಿಂಗಳಲ್ಲಿ ಒಳನಾಡಿನ ಜನ ಬರುತ್ತಿದ್ದರು. ಚೋರುಮ್, ಯೋಜ್‌ಗಾತ್, ಕಿರಿಕ್ಕಲೆ ಕಡೆಯವರು. ಅವರಲ್ಲಿ ಹೆಚ್ಚಿನವರು ಸಮುದ್ರವನ್ನು ನೋಡುತ್ತಿದ್ದುದೇ ಮೊದಲ ಸಲ. ಇಳಿದು, ಸೂಟ್‌ಕೇಸು ಕಾಲ ಬಳಿ ಇಟ್ಟುಕೊಂಡು, ಎಲ್ಲಿ ಉಳಿಯೋದು, ಎಲ್ಲಿ ಊಟ, ಎಲ್ಲಿ ನೀರಿಗಿಳಿಯೋದು ಎಂದು ನನ್ನನ್ನೇ ಕೇಳುತ್ತಿದ್ದರು. ನಾನು ದೋಣಿಕಟ್ಟೆಯ ಪಕ್ಕದ ಹಸಿರು ಬಣ್ಣದ ಮರದ ಗೂಡು ತೋರಿಸುತ್ತಿದ್ದೆ.

"ಅಲ್ಲಿ ನೆಜಾಹತ್ ಅಕ್ಕ ಇದ್ದಾಳೆ. ಅವಳು ಹೇಳಿದ ಹಾಗೆ ಮಾಡಿ, ಸಾಕು."

ನೆಜಾಹತ್ ಪುರಸಭೆಯ ಗುಮಾಸ್ತೆ. ಮೊದಲು ನೀರಿನ ಕಂದಾಯದ ಮೇಜಿನಲ್ಲಿದ್ದಳು. ಬಂದವರಿಗೆ ಮಾಹಿತಿ ಕೊಡಲು ಒಂದು ಗೂಡು ಇಡಬೇಕೆಂದು ಪುರಸಭೆ ತೀರ್ಮಾನಿಸಿದಾಗ ಬೇರೆ ಯಾರೂ ಒಪ್ಪಲಿಲ್ಲ, ಅವಳು ಒಪ್ಪಿದಳು. ಆಗ ಅವಳಿಗೆ ಮೂವತ್ತೆಂಟು. ಮದುವೆಯಾಗಿರಲಿಲ್ಲ. ಉದ್ದನೆಯ ಹೆಂಗಸು, ದಪ್ಪ ಕನ್ನಡಕ, ಮಾತಾಡುವಾಗ ಎದುರಿನವರ ತೋಳು ಹಿಡಿದುಕೊಳ್ಳುವ ಅಭ್ಯಾಸ. ಅವಳ ಅಪ್ಪ ನಮ್ಮ ಊರಿನ ದೀಪಸ್ತಂಭ ಕಾಯುತ್ತಿದ್ದವನು. ಅದರ ಬುಡದ ಎರಡು ಕೋಣೆಯ ಮನೆಯಲ್ಲಿ ಹುಟ್ಟಿ ಬೆಳೆದವಳು ಅವಳು.

ಬಂದವರಿಗೆಲ್ಲ ಅವಳು ಒಂದು ಹಾಳೆ ಕೊಡುತ್ತಿದ್ದಳು, ಬರುತ್ತೇವೆಂದು ಕಾಗದ ಬರೆದವರಿಗೆ ಅಂಚೆಯಲ್ಲಿ ಕಳಿಸುತ್ತಿದ್ದಳು. ತಾನೇ ಬರೆದು, ಪುರಸಭೆಯ ಯಂತ್ರದಲ್ಲಿ ಪ್ರತಿ ತೆಗೆಸಿದ್ದು. ಅದನ್ನು ಓದಿದರೆ ಅವಳೇ ತೋಳು ಹಿಡಿದು ಮಾತಾಡಿದ ಹಾಗಿರುತ್ತಿತ್ತು. ಬಸ್ಸಿನಲ್ಲಿ ಎಡಗಡೆ ಕೂತುಕೊಳ್ಳಿ, ಸಮುದ್ರ ಆ ಕಡೆ. ವಾಕರಿಕೆ ಬರುವವರು ಮುಂದೆ ಕೂರಲಿ. ಕೋಣೆ ಒಪ್ಪುವ ಮೊದಲು ಹಾಸಿಗೆಗೆ ಅಂಗೈ ಒತ್ತಿ ತೇವ ಇದೆಯೇ ನೋಡಿ. ಮೀನು ತಟ್ಟೆಗೆ ಬರುವ ಮೊದಲೇ ಬೆಲೆ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಕೇಳದಿದ್ದರೆ ನೀವು ಮಾಡಿಕೊಳ್ಳುತ್ತೀರಿ. ಮಸೀದಿಯ ಹಿಂದಿನ ಬೇಕರಿಯಲ್ಲಿ ಮೆಕ್ಕೆಜೋಳದ ರೊಟ್ಟಿ ಒಂಬತ್ತಕ್ಕೆಲ್ಲ ಮುಗಿದುಹೋಗುತ್ತದೆ. ಆಗಸ್ಟ್ ಆದರೂ ಸ್ವೆಟರು ತನ್ನಿ. ಸಂತೆ ಗುರುವಾರ. ಕೊನೆಯ ಮಿನಿಬಸ್ಸು ಸಂಜೆ ಆರೂವರೆಗೆ, ತೆವ್‌ಫಿಕ್ ಯಾರಿಗೂ ಕಾಯುವುದಿಲ್ಲ. ತೆವ್‌ಫಿಕ್ ಎಂದರೆ ನಾನು.

ಹಾಳೆಯ ಕೊನೆಗೆ ಸ್ವಲ್ಪ ದಪ್ಪ ಅಕ್ಷರದಲ್ಲಿ ನಾಲ್ಕು ಸಾಲು. 'ದೀಪಸ್ತಂಭದ ಹಿಂದೆ ಇಳಿಯಬೇಡಿ. ಈಶಾನ್ಯದ ಗಾಳಿ ನಿಂತ ಮೇಲೂ ಎರಡು ದಿನ ಇಳಿಯಬೇಡಿ. ಅಲೆ ಒಡೆಯದೆ ನೀರು ನಯವಾಗಿ ಕಾಣುವ ಜಾಗವೇ ಮನುಷ್ಯನನ್ನು ಒಳಗೆ ಎಳೆಯುವ ಜಾಗ. ಸಿಕ್ಕಿಕೊಂಡರೆ ದಡದ ಕಡೆ ಗುದ್ದಾಡಬೇಡಿ, ಪಕ್ಕಕ್ಕೆ ಈಜಿ.'

ಇದನ್ನು ಅವಳು ಪುಸ್ತಕ ಓದಿ ಬರೆದದ್ದಲ್ಲ. ಒಮ್ಮೆ ನನಗೆ ಹೇಳಿದ್ದಳು:

"ನಮ್ಮನೇಲಿ ಒಂದು ಕಂಬಳಿ ಬೇರೆನೇ ಇತ್ತು ಕಣೋ. ಕಂದು ಬಣ್ಣದ್ದು. ಎಷ್ಟು ಚಳಿ ಇದ್ರೂ ಅಮ್ಮ ಅದನ್ನ ನಮಗೆ ಹೊದಿಸ್ತಿರಲಿಲ್ಲ. ಅಪ್ಪ ನೀರಿಂದ ಎಳೆದು ತಂದೋರಿಗೆ ಅದು."

ತೊಂಬತ್ತಾರರಲ್ಲಿ ರುಶ್ತು ಎಂಬವನು ದೀಪಸ್ತಂಭದ ಹಿಂದಿನ ಮರಳಿನ ಮೇಲೆಯೇ ಇಪ್ಪತ್ತನಾಲ್ಕು ಕೋಣೆಯ ಹೋಟೆಲು ಕಟ್ಟಿದ. ನಮ್ಮೂರವನೇ, ಮೀನಿನ ದೋಣಿ ಮಾರಿ ಕಟ್ಟಿದ್ದು. ಕೆಟ್ಟವನಲ್ಲ, ಆತುರದವನು. ಆ ಜೂನ್‌ನಲ್ಲಿ ಹಾಳೆ ಕೈಯಲ್ಲಿ ಹಿಡಿದು ಗೂಡಿಗೆ ಬಂದ. ನಾನು ಅಲ್ಲೇ ಚಹಾ ಕುಡಿಯುತ್ತಿದ್ದೆ.

"ಅಕ್ಕಾ, ಇದೇನಿದು? ನಾನು ಬಾಗಿಲು ತೆಗೆಯೋದು, ನೀನು ಹೊರಗಿಂದ ಚಿಲಕ ಹಾಕೋದು!"

"ನಿನ್ನ ಹೋಟೆಲಲ್ಲಿ ಉಳಿಯಬೇಡಿ ಅಂತ ಬರೆದಿಲ್ಲ ರುಶ್ತು. ನೀರಿಗಿಳೀಬೇಡಿ ಅಂತ ಬರೆದಿದ್ದೀನಿ."

"ಸಮುದ್ರದ ಮುಂದೆ ಹೋಟೆಲು ಮಾಡಿ, ನೀರು ಮುಟ್ಟಬೇಡಿ ಅಂದ್ರೆ? ಬಂದೋರು ಕೂತು ನನ್ನ ಮುಖ ನೋಡ್ಬೇಕಾ?"

"ಚೆನ್ನಾಗೇ ಇದೆಯಲ್ಲ ಮುಖ," ಎಂದು ಅವಳು ನಕ್ಕಳು. ಅವನು ನಗಲಿಲ್ಲ. ನೇರ ಪುರಸಭೆಗೆ ಹೋದ.

ಮರುದಿನ ಅಧ್ಯಕ್ಷರು ಅವಳನ್ನು ಕರೆಸಿದರು. ಬಂದವರನ್ನ ಹೆದರಿಸೋಕೆ ಗೂಡು ಇಟ್ಟಿದ್ದಲ್ಲ ತಾಯಿ ಎಂದರಂತೆ. ಹೇಳುವುದಿದ್ದರೆ ಬಾಯಲ್ಲಿ ಹೇಳು, ಪುರಸಭೆಯ ಮುದ್ರೆ ಇರುವ ಕಾಗದದಲ್ಲಿ ಬೇಡ. ಆಗದಿದ್ದರೆ ನೀರಿನ ಕಂದಾಯದ ಮೇಜು ಖಾಲಿ ಇದೆ.

ಅವಳು ಆ ನಾಲ್ಕು ಸಾಲು ತೆಗೆದಳು. ಖಾಲಿಯಾದ ಜಾಗದಲ್ಲಿ, ದೀಪಸ್ತಂಭದ ಹಿಂದೆ ಉದ್ದನೆಯ ಮರಳ ದಂಡೆ ಇದೆ, ಮಧ್ಯಾಹ್ನದ ಮೇಲೆ ಬಂಡೆಯ ನೆರಳು ಬೀಳುತ್ತದೆ ಎಂದು ಬರೆದಳು. ಸುಳ್ಳೇನಲ್ಲ, ನೆರಳು ಬೀಳುತ್ತದೆ. ಗೂಡಿಗೆ ಬಂದವರಿಗೆಲ್ಲ ತೋಳು ಹಿಡಿದು ಬಾಯಲ್ಲಿ ಹೇಳುತ್ತಲೇ ಇದ್ದಳು. ಆದರೆ ರುಶ್ತು ಒಂದು ಕಟ್ಟು ಹಾಳೆ ಒಯ್ದು ತನ್ನ ಹೋಟೆಲಿನ ಕೌಂಟರಿನ ಮೇಲೆ ಇಟ್ಟುಕೊಂಡ. ಜೊತೆಗೆ ನನ್ನ ಹತ್ತಿರವೂ ಬಂದ.

"ತೆವ್‌ಫಿಕ್ ಅಣ್ಣ, ನನ್ನ ಗಿರಾಕಿಗಳನ್ನ ಕಟ್ಟೆ ಹತ್ರ ಯಾಕೆ ಇಳಿಸ್ತೀಯ? ಮೂಟೆ ಹೊತ್ಕೊಂಡು ಅಷ್ಟು ದೂರ ನಡೀಬೇಕಲ್ಲ ಪಾಪ. ಗೇಟಿನ ತನಕ ಬಂದುಬಿಡು."

ಒಳ್ಳೆಯ ಮಾತೇ. ನಾನು ಒಪ್ಪಿಕೊಂಡೆ. ಹೋಟೆಲಿಗೆ ಹೋಗುವವರಿಗೆ ಆಮೇಲೆ ನಾನು ಹಸಿರು ಗೂಡು ತೋರಿಸಲೇ ಇಲ್ಲ. ಅವರು ಆ ದಾರಿಯಲ್ಲಿ ಇಳಿಯುತ್ತಲೇ ಇರಲಿಲ್ಲ.

ಎರ್ಜಾನ್ ಎಂಬ ಹುಡುಗನನ್ನು, ಇಪ್ಪತ್ತಾರು ವರ್ಷದವನನ್ನು, ಆ ಗೇಟಿನ ಮುಂದೆ ಇಳಿಸಿದವನು ನಾನೇ. ಚೋರುಮ್‌ನಲ್ಲಿ ವಿದ್ಯುತ್ ಸಾಮಾನಿನ ಅಂಗಡಿಯಲ್ಲಿ ಕೆಲಸ. ಮದುವೆಯಾಗಿ ನಾಲ್ಕು ತಿಂಗಳು. ಹೆಂಡತಿ ಸೆವ್‌ಗುಲ್ ದಾರಿಯುದ್ದಕ್ಕೂ ಕಿಟಕಿಗೆ ಹಣೆ ಒತ್ತಿ ಕೂತಿದ್ದಳು. ಸಮುದ್ರ ಕಂಡ ತಿರುವಿನಲ್ಲಿ ಅವನು, "ಅಣ್ಣ, ಒಂದು ನಿಮಿಷ ನಿಲ್ಲಿಸ್ತೀರಾ?" ಎಂದು ಕೇಳಿದ. ನಾನು ನಿಲ್ಲಿಸಿದೆ. ಇಬ್ಬರೂ ಇಳಿದು ಸುಮ್ಮನೆ ನೋಡಿ ಮತ್ತೆ ಹತ್ತಿದರು. ಉಳಿದ ಪ್ರಯಾಣಿಕರು ಗೊಣಗಿದರು.

ಅವರು ಬಂದ ಮರುದಿನವೇ ಈಶಾನ್ಯದ ಗಾಳಿ ಎದ್ದಿತು. ಎರಡು ದಿನ ಬೀಸಿ ಬಿದ್ದುಹೋಯಿತು. ಅವರ ನಾಲ್ಕನೆಯ ದಿನ ಬಿಸಿಲು ಬಂತು, ಆಕಾಶ ತೊಳೆದ ಹಾಗೆ. ಅಲೆ ಮಾತ್ರ ಇನ್ನೂ ಇತ್ತು. ಮಧ್ಯಾಹ್ನದ ಮೇಲೆ ಗಂಡಹೆಂಡತಿ ಮರಳಿಗೆ ಹೋದರು. ಎಲ್ಲೆಡೆ ಅಲೆ ಒಡೆಯುತ್ತಿದ್ದಾಗ ಬಂಡೆಯ ಪಕ್ಕ ಒಂದು ಪಟ್ಟಿಯಷ್ಟು ನೀರು ಶಾಂತವಾಗಿತ್ತು. ಈಜು ಬಾರದವನು, ಅಲೆಗೆ ಹೆದರಿದವನು, ಆರಿಸಿಕೊಳ್ಳುವುದು ಅದನ್ನೇ. ಸೊಂಟದವರೆಗೆ ನೀರು ಬರುವಷ್ಟು ಹೋದನಂತೆ, ತಿರುಗಿ ಏನೋ ಹೇಳಿದನಂತೆ, ಆಮೇಲೆ ಕಾಲ ಕೆಳಗಿನ ಮರಳೇ ಹೋಯಿತು. ಸೆವ್‌ಗುಲ್ ಕೂಗಿದ್ದು ಹೋಟೆಲಿನ ಅಡುಗೆಮನೆಗೆ ಕೇಳಿಸಿತು. ಹತ್ತು ಹನ್ನೆರಡು ಜನ ಕೈಕೈ ಹಿಡಿದು ಸಾಲಾಗಿ ನೀರಿಗಿಳಿದರು. ರುಶ್ತು ಎಲ್ಲರಿಗಿಂತ ಮುಂದೆ ಇದ್ದ. ಹುಡುಗ ಸಿಗಲಿಲ್ಲ.

ಮೂರನೆಯ ದಿನ ಹೆಣ ನದಿಯ ಬಾಯಲ್ಲಿ ಬಂದು ನಿಂತಿತು. ನೆಜಾಹತ್ ಮನೆಗೆ ಹೋಗಿ ಆ ಕಂದು ಕಂಬಳಿ ತಂದು ಹೊದಿಸಿದಳು. ಪೊಲೀಸರು ಬಂದರು, ಈಜು ಬಾರದೆ ನೀರಿಗಿಳಿದದ್ದು ಎಂದು ಬರೆದುಕೊಂಡರು, ಹೋದರು. ಹಾಳೆಯ ವಿಷಯ ಯಾರೂ ಕೇಳಲಿಲ್ಲ. ಕೇಳಲು ಅವರಿಗೆ ಗೊತ್ತೇ ಇರಲಿಲ್ಲ.

ಮುಂದಿನ ಮೇ ತಿಂಗಳಲ್ಲಿ, ಊರಿಗೆ ಇನ್ನೂ ಯಾರೂ ಬರದ ಕಾಲದಲ್ಲಿ, ಒಬ್ಬ ಮುದುಕ ನನ್ನ ಬಸ್ಸು ಹತ್ತಿದ. ತಲೆಗೆ ಬಟ್ಟೆಯ ಟೋಪಿ, ಕೈಯಲ್ಲಿ ಹುರಿಗಡಲೆಯ ಚೀಲ. ಚೋರುಮ್‌ನವರು ಯಾರ ಮನೆಗೆ ಹೋದರೂ ಒಯ್ಯುವುದು ಅದನ್ನೇ.

"ಎಡಗಡೆ ಕೂರ್ಬೇಕಲ್ವಾ ಮಗಾ?" ಎಂದು ಕೇಳಿದ. "ಇದರಲ್ಲಿ ಹಾಗೆ ಬರೆದಿದೆ ಅಂದ್ರು."

ಅವನ ಕೈಯಲ್ಲಿ ನಾಲ್ಕಾಗಿ ಮಡಚಿದ ಹಾಳೆ. ಹೆಸರು ಬೆಕ್ತಾಶ್, ಎರ್ಜಾನ್‌ನ ಅಪ್ಪ. ಈ ಹಾಳೆ ಬರೆದವರನ್ನು ನೋಡಬೇಕು ಎಂದ. ನಾನು ಗೂಡಿಗೆ ಕರೆದುಕೊಂಡು ಹೋದೆ. ದಾರಿಯಲ್ಲಿ ಬೇರೆ ಏನಾದರೂ ಹೇಳಿ ತಪ್ಪಿಸಬಹುದಿತ್ತು. ಮನಸ್ಸು ಬರಲಿಲ್ಲ.

ನೆಜಾಹತ್ ಎದ್ದು ಸ್ಟೂಲು ಕೊಟ್ಟಳು. ಬೆಕ್ತಾಶ್ ಚೀಲವನ್ನು ಅವಳ ಮುಂದಿಟ್ಟ.

"ನಮ್ಮ ಹೊಲದ ಕಡಲೆ ಮಗಳೇ. ನನ್ನ ಹೆಂಡತೀನೇ ಹುರಿದಿದ್ದು," ಎಂದ. ಹಾಳೆ ಬಿಡಿಸಿದ. "ಹುಡುಗನ ಸಾಮಾನಿನ ಜೊತೆ ಇದು ಬಂತು. ನೋಡಿ, ಮಾಡಿದ್ದಕ್ಕೆಲ್ಲ ಪೆನ್ಸಿಲ್ಲಲ್ಲಿ ಗುರುತು ಹಾಕಿದ್ದಾನೆ. ರೊಟ್ಟಿ ತಿಂದಿದ್ದಾನೆ. ಸಂತೆಗೆ ಹೋಗಿದ್ದಾನೆ. ಹಾಸಿಗೆಗೂ ಗುರುತು. ಸೊಸೆ ಹೇಳಿದ್ಳು, ಹೋಟೆಲಿನೋರ ಎದುರಿಗೇ ಕೈ ಒತ್ತಿ ನೋಡಿದ್ನಂತೆ, ಅವಳಿಗೆ ನಾಚಿಕೆ ಆಯ್ತಂತೆ."

ನೆಜಾಹತ್ ಹಾಳೆಯನ್ನೇ ನೋಡುತ್ತಿದ್ದಳು.

"ಇದನ್ನ ಬರೆದೋರು ಯಾರೋ ಒಳ್ಳೆಯೋರು ಅಂತ ಮನೇಲಿ ಎಲ್ಲಾರೂ ಅಂದ್ಕೊಂಡ್ವಿ. ಹೆತ್ತೋರು ಹೇಳಿದ ಹಾಗಿದೆ. ಅದಕ್ಕೇ ಬಂದೆ. ಆ ಜಾಗ ನೀವೇ ಬಂದು ತೋರಿಸ್ತೀರಾ?"

ಅವಳು ಹೌದು ಎಂದು ಎದ್ದಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಅವಳು ಕೂತೇ ಹೇಳಿದಳು.

"ಅಪ್ಪಾ, ಅಲ್ಲಿ ಇಳೀಬೇಡಿ ಅಂತ ನಾನು ಬರೆದಿದ್ದೆ. ಆಮೇಲೆ ತೆಗೆದುಬಿಟ್ಟೆ."

"ಏನು ತೆಗೆದ್ರಿ?"

"ಆ ಸಾಲು. ಆ ನೀರು ಎಂಥದ್ದು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ತೆಗೆದೆ."

"ಯಾರು ತೆಗೆಸಿದ್ರು?"

ಅವಳು ರುಶ್ತುವಿನ ಹೆಸರು ಹೇಳಲಿಲ್ಲ, ಅಧ್ಯಕ್ಷರ ಹೆಸರೂ ಹೇಳಲಿಲ್ಲ. "ಕೈ ನಂದೇ" ಎಂದಳು.

ಹಳೆಯ ಹಾಳೆ ಇದೆಯೇ ಎಂದು ಬೆಕ್ತಾಶ್ ಕೇಳಿದ. ಅವಳು ಮೇಜಿನ ಡ್ರಾಯರಿನಿಂದ ತೆಗೆದು ಕೊಟ್ಟಳು. ಅವನಿಗೆ ಓದಲು ಕನ್ನಡಕ ಇರಲಿಲ್ಲ. ನನ್ನ ಕೈಗೆ ಕೊಟ್ಟ. ಆ ನಾಲ್ಕು ಸಾಲನ್ನು ನಾನು ಗಟ್ಟಿಯಾಗಿ ಓದಿದೆ. "ಇನ್ನೊಂದು ಸಲ" ಎಂದ. ಇನ್ನೊಂದು ಸಲ ಓದಿದೆ.

"ಇಷ್ಟೇನಾ?"

"ಇಷ್ಟೇ," ಎಂದೆ.

ಅವನು ಕೂಗಾಡಲಿಲ್ಲ, ಶಾಪ ಹಾಕಲಿಲ್ಲ. ಆಮೇಲೆ ಸ್ಟೂಲಿನ ಅಂಚು ಹಿಡಿದು ಎದ್ದ.

"ನನ್ನ ಮಗ ಹೇಳಿದ ಮಾತು ಕೇಳ್ತಿದ್ದ," ಎಂದ.

ಹುರಿಗಡಲೆಯ ಚೀಲವನ್ನು ಮೇಜಿನಿಂದ ಎತ್ತಿಕೊಂಡು ಹೊರಗೆ ಹೋದ. ಸಮುದ್ರದ ಕಡೆ ಹೋಗಲೇ ಇಲ್ಲ. ನನ್ನ ಮುಂದಿನ ಸರದಿಯವರೆಗೆ ಬಸ್ಸಿನೊಳಗೇ, ನೀರು ಕಾಣದ ಬದಿಯಲ್ಲಿ ಕೂತಿದ್ದು ನನ್ನ ಜೊತೆಗೇ ವಾಪಸು ಬಂದ. ಇಳಿಯುವಾಗ ಅವನ ಹಳ್ಳಿಯ ಹೆಸರು ಕೇಳಿ ಇಟ್ಟುಕೊಂಡೆ. ಯಾಕೆ ಕೇಳಿದೆನೋ ಗೊತ್ತಿಲ್ಲ.

ಆ ವಾರವೇ ನೆಜಾಹತ್ ಕೆಲಸ ಬಿಟ್ಟಳು. ನಾನು ಅವಳ ಮನೆಗೆ ಹೋಗಿ ಜಗಳವಾಡಿದೆ.

"ಬಲವಂತ ಮಾಡಿದ್ರು, ನೀನು ತೆಗೆದೆ. ನೀರಿನ ಮೇಜಿಗೆ ಹಾಕ್ತೀನಿ ಅಂದ್ರು. ಯಾರಾಗಿದ್ರೂ ತೆಗೀತಿದ್ರು ಅಕ್ಕ."

"ಆ ಮೇಜಿಗೆ ಹೆದರಿದ್ದಲ್ಲ ತೆವ್‌ಫಿಕ್," ಎಂದಳು. "ಬಂದೋರು ನನ್ನ ಹತ್ರ ನಿಂತು ಕೇಳ್ತಾರೆ, ನಾನು ಹೇಳ್ತೀನಿ, ಅವರು ತಲೆ ಆಡಿಸ್ತಾರೆ. ನನ್ನ ಬದುಕಲ್ಲಿ ಇದ್ದಿದ್ದು ಅದೊಂದೇ. ಅದು ಹೋಗುತ್ತೆ ಅಂತ ಹೆದರಿದೆ. ಅಷ್ಟಕ್ಕೆ."

ನನ್ನ ಪಾಲಿನದೂ ಇತ್ತು. ಗೇಟಿನ ತನಕ ಬಸ್ಸು ಓಡಿಸಿದ್ದು ನಾನು. ಅದನ್ನು ಹೇಳಬೇಕೆಂದು ಬಾಯಿ ತೆರೆದೆ. "ಚಹಾ ಆರ್ತಿದೆ, ಕುಡಿ" ಎಂದಳು. ಗೊತ್ತಿದ್ದೇ ಹೇಳಿದಳು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಅವಳು ಹಲಗೆಗೆ ತಾನೇ ಬಣ್ಣ ಬಳಿದು, ಇಳಿಯಬೇಡಿ ಎಂದು ಬರೆದು, ಮರಳಿಗೆ ಇಳಿಯುವ ದಾರಿಯಲ್ಲಿ ನೆಟ್ಟಳು. ರುಶ್ತು ಕಿತ್ತ. ಮತ್ತೆ ನೆಟ್ಟಳು, ಪುರಸಭೆಯವರು ಕಿತ್ತರು. ಮೂರನೆಯದಕ್ಕೆ ಬಣ್ಣ ಬಳಿಯುವುದು ಬಿಟ್ಟು ಅವಳೇ ಹೋಗಿ ಕೂತಳು. ಬಂಡೆಯಲ್ಲಿ ಕಡಿದ ಮೆಟ್ಟಿಲ ಮೇಲೆ ಒಂದು ಮಡಚುವ ಕುರ್ಚಿ, ಕೊರಳಿಗೆ ಸೀಟಿ, ಪಕ್ಕದಲ್ಲಿ ಉದ್ದನೆಯ ಹಗ್ಗ, ಅದರ ತುದಿಗೆ ಕಟ್ಟಿದ ಖಾಲಿ ಪ್ಲಾಸ್ಟಿಕ್ ಡಬ್ಬ. ಜೂನ್‌ನಿಂದ ಸೆಪ್ಟೆಂಬರ್ ಮಧ್ಯದವರೆಗೆ ಹಗಲೆಲ್ಲ. ಹನ್ನೊಂದು ಬೇಸಿಗೆ.

ಇಸ್ತಾಂಬುಲ್‌ನ ಹುಡುಗರು ಅವಳನ್ನು ಆಡಿಕೊಳ್ಳುತ್ತಿದ್ದರು.

"ಅಜ್ಜೀ, ಈ ಸಮುದ್ರ ಏನು ನಿಮ್ಮಪ್ಪಂದಾ?"

"ಹೌದಪ್ಪ. ನಮ್ಮಪ್ಪ ಇದನ್ನ ಮೂವತ್ತು ವರ್ಷ ಕಾದ. ಬಾ ಇಲ್ಲಿ, ಅಲ್ಲಿ ನೀರು ನಯವಾಗಿದೆಯಲ್ಲ, ಅದನ್ನ ನೋಡು."

ಕೆಲವರು ನೋಡುತ್ತಿದ್ದರು. ಕೆಲವರು ಬೈದು ಇಳಿಯುತ್ತಿದ್ದರು. ಇಳಿದವರ ಮೇಲೆ ಕಣ್ಣು ನೆಟ್ಟು ಅವಳು ನಿಂತೇ ಇರುತ್ತಿದ್ದಳು, ಅವರು ಹೊರಗೆ ಬರುವವರೆಗೆ. ಹಗ್ಗ ಎಸೆದು ಐದು ಜನರನ್ನು ಎಳೆದಿದ್ದಾಳೆ. ಅವರಲ್ಲಿ ಒಬ್ಬ, ಉಸಿರು ಬಂದ ಮೇಲೆ, ಡಬ್ಬ ತಲೆಗೆ ಬಡೀತು ಎಂದು ಜಗಳ ತೆಗೆದ. ಆರನೆಯ ಬೇಸಿಗೆಯಲ್ಲಿ ಅಂಕಾರಾದ ಒಬ್ಬ ಮೇಷ್ಟ್ರು ಸೂರ್ಯ ಹುಟ್ಟುವ ಹೊತ್ತಿಗೆ, ಅವಳು ಬರುವ ಮೊದಲು, ಇಳಿದು ಸತ್ತ. ಆಮೇಲೆ ಅವಳು ಬೆಳಕು ಹರಿಯುವಾಗಲೇ ಬರತೊಡಗಿದಳು. ಊರಿನವರು ಹಿಂದಿನಿಂದ ಹುಚ್ಚಿ ಎಂದರು, ಎದುರಿಗೆ ಅಕ್ಕ ಎಂದರು.

ರುಶ್ತು ಕೊನೆಕೊನೆಗೆ ಹೋಟೆಲಿನಿಂದ ದಿನವೂ ಅವಳಿಗೆ ಚಹಾ ಕಳಿಸುತ್ತಿದ್ದ. ಲೋಟ ತುಂಬಿದ್ದು ತುಂಬಿದ ಹಾಗೇ ವಾಪಸು ಹೋಗುತ್ತಿತ್ತು. ಅವನು ಕಳಿಸುವುದನ್ನು ನಿಲ್ಲಿಸಲಿಲ್ಲ, ಅವಳು ಕುಡಿಯಲಿಲ್ಲ.

ಆಮೇಲೆ ಮೀನುಗಾರರಿಗೆಂದು ಸರ್ಕಾರ ದೊಡ್ಡ ಅಲೆತಡೆ ಗೋಡೆ ಕಟ್ಟಿಸಿತು. ಎರಡು ಚಳಿಗಾಲದಲ್ಲಿ ದೀಪಸ್ತಂಭದ ಹಿಂದಿನ ಮರಳೆಲ್ಲ ಕೊಚ್ಚಿಹೋಗಿ ಬರಿಯ ಕಲ್ಲು, ಪಾಚಿ ಉಳಿಯಿತು. ಅಲ್ಲಿಗೆ ಇಳಿಯುವವರೇ ಇಲ್ಲವಾದರು. ಹೋಟೆಲು ಮುಚ್ಚಿತು. ನೆಜಾಹತ್ ಒಂದು ಜೂನ್ ಪೂರ್ತಿ ಖಾಲಿ ಕಲ್ಲಿನ ಮುಂದೆ ಕೂತಿದ್ದು, ಜುಲೈನಲ್ಲಿ ಕುರ್ಚಿ ಮಡಚಿ ಮನೆಗೆ ಒಯ್ದಳು. ಆಗ ಅವಳಿಗೆ ಅರವತ್ತೂ ಆಗಿರಲಿಲ್ಲ, ಆದರೆ ತೇವ ಮಂಡಿಯನ್ನು ತಿಂದುಹಾಕಿತ್ತು. ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕಿತ್ತು. ನಾನು ವಾರಕ್ಕೊಮ್ಮೆ ಔಷಧಿ ತಂದುಕೊಡುತ್ತಿದ್ದೆ. ಟಿವಿ ಹಾಕಿಕೊಂಡು, ಸದ್ದು ಪೂರ್ತಿ ಕಡಿಮೆ ಮಾಡಿ ಕೂತಿರುತ್ತಿದ್ದಳು.

"ಏನಾದ್ರೂ ಬೇಕಾ ಅಕ್ಕ?"

"ಏನೂ ಬೇಡ. ಒಂದೈದು ನಿಮಿಷ ಕೂತ್ಕೊ."

ಹೀಗೆ ನಾಲ್ಕು ವರ್ಷ. ಒಂದು ಫೆಬ್ರವರಿಯಲ್ಲಿ ಎದೆಗೆ ಕಫ ಕಟ್ಟಿ, ಜಿಲ್ಲಾ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದು ಸತ್ತಳು. ಅಪ್ಪ ಅಮ್ಮನ ಪಕ್ಕದಲ್ಲೇ ಹೂತೆವು. ಮಸೀದಿಯ ಅಂಗಳದಲ್ಲಿ ಹದಿನೇಳು ಜನ. ಶವಪೆಟ್ಟಿಗೆಯ ಮುಂದೆ ನಿಂತು ಇಮಾಮರು ರೂಢಿಯಂತೆ ನಮ್ಮ ಕಡೆ ತಿರುಗಿ ಕೇಳಿದರು: "ಇವಳ ಮೇಲೆ ನಿಮ್ಮ ಹಕ್ಕು ಏನಾದ್ರೂ ಉಳಿದಿದ್ರೆ, ಬಿಟ್ಟುಕೊಡ್ತೀರಾ?" ಸತ್ತವರ ತಪ್ಪು, ಸಾಲ ಮನ್ನಿಸುವ ಮಾತು ಅದು; ಮೂರು ಸಲ ಕೇಳಬೇಕು, ಮೂರು ಸಲ ಹೇಳಬೇಕು. "ಬಿಟ್ಟೆವು" ಎಂದೆವು. ನನ್ನ ಹಿಂದಿನ ಸಾಲಿನಲ್ಲಿ ರುಶ್ತುವಿನ ಧ್ವನಿ ಎಲ್ಲರಿಗಿಂತ ತಡವಾಗಿ ಬಂತು. ನಮಗೆ ಯಾರಿಗೂ ಅವಳ ಮೇಲೆ ಹಕ್ಕು ಇರಲಿಲ್ಲ. ಇದ್ದವನು ಚೋರುಮ್‌ನಲ್ಲಿದ್ದ.

ಅದಕ್ಕೇ ನಾನು ಬೆಕ್ತಾಶ್‌ನ ಹಳ್ಳಿಯ ಮುಖ್ಯಸ್ಥನ ಹೆಸರಿಗೆ ಒಂದು ಕಾಗದ ಬರೆದೆ. ನೆಜಾಹತ್ ತೀರಿಕೊಂಡಳು, ಹನ್ನೊಂದು ಬೇಸಿಗೆ ಅಲ್ಲಿ ಕೂತಿದ್ದಳು, ಬೆಕ್ತಾಶ್ ಅವರು ಮನಸ್ಸು ಮಾಡಿದರೆ 'ಬಿಟ್ಟೆ' ಎಂದು ಒಂದು ಮಾತು ತಿಳಿಸಲಿ ಎಂದು. ಎರಡು ತಿಂಗಳ ಮೇಲೆ ಉತ್ತರ ಬಂತು. ಬರೆದವಳು ಸೆವ್‌ಗುಲ್. ಅವಳಿಗೆ ಬೇರೆ ಮದುವೆಯಾಗಿ ಇಬ್ಬರು ಮಕ್ಕಳಿದ್ದರು, ಅದೇ ಹಳ್ಳಿಯಲ್ಲಿ. ಮಾವ ತೀರಿಕೊಂಡು ಆರು ವರ್ಷವಾಯಿತು ಎಂದಿದ್ದಳು. ಆ ಮೇ ತಿಂಗಳಲ್ಲಿ ಅವರು ಸಮುದ್ರದ ಊರಿಗೆ ಹೋಗಿ ಬಂದದ್ದು ಗೊತ್ತು, ಆದರೆ ಅಲ್ಲಿ ಯಾರೂ ಸಿಗಲಿಲ್ಲ, ಗೂಡು ಮುಚ್ಚಿತ್ತು ಎಂದು ಮನೆಯಲ್ಲಿ ಹೇಳಿದ್ದರಂತೆ. 'ನೀವು ಬರೆದ ಆ ಹೆಂಗಸು ಯಾರು? ಅವರು ಯಾಕೆ ಅಷ್ಟು ವರ್ಷ ಅಲ್ಲಿ ಕೂತಿದ್ದರು?' ಎಂದು ಕೇಳಿದ್ದಳು.

ಆ ಕಾಗದಕ್ಕೆ ನಾನು ಉತ್ತರ ಬರೆಯಲಿಲ್ಲ.